ಹೆಸರಿಲ್ಲದ ಎಡೆ, ಒಂಬತ್ತೂವರೆಯ ದೆವ್ವ

ನನಗೆ ದೆವ್ವ ಬರೆಯುವ ಕೆಲಸ ಸಿಕ್ಕಿದ್ದು ನನ್ನ 'ಕಣ್ಲಾ'ದಿಂದ. ಮೈಸೂರಿಗೆ ಬಂದು ಮೂವತ್ತು ವರ್ಷ ಕಳೆದರೂ ಸಿಟ್ಟು ಬಂದಾಗ, ನಗು ಬಂದಾಗ ನನ್ನ ಬಾಯಿಗೆ ಬರುವುದು ಪಾಂಡವಪುರದ ಕಡೆಯ ಮಾತೇ. ಹವ್ಯಾಸಿ ತಂಡಗಳಿಗೆ ನಾಟಕ ಬರೆದುಕೊಂಡು, ಆಗೀಗ ಆಕಾಶವಾಣಿಗೂ ಬರೆದುಕೊಂಡು ಇದ್ದವನು ನಾನು. 2021ರ ಕೊನೆಯಲ್ಲಿ ಒಬ್ಬ ಹಳೆಯ ಗೆಳೆಯ ಫೋನ್ ಮಾಡಿದ. ರಂಗಾಯಣದ ಅಂಗಳದಲ್ಲಿ ಜೊತೆಗೆ ಟೀ ಕುಡಿದವನು, ಈಗ ಬೆಂಗಳೂರಿನಲ್ಲಿ ಧಾರಾವಾಹಿ ನಿರ್ದೇಶಕ.

"ಹಾರರ್ ಮಾಡ್ತಿದೀವಿ ಕಣೋ. ಮಂಡ್ಯ ಕಡೆ ಫ್ಯಾಮಿಲಿ. ಡೈಲಾಗ್ ನಿಂದು."

"ದೆವ್ವಾನೂ ಮಂಡ್ಯದ್ದೇನೋ?"

"ದೆವ್ವ ಆ ಮನೆ ಮಗಳು. ಅಂದ್ಮೇಲೆ ಅದೂ ಮಂಡ್ಯದ್ದೇ ತಾನೆ?"

ಈ ಕೊನೆಯ ಮಾತನ್ನು ಅವನು ತಮಾಷೆಗೆ ಹೇಳಿದ. ಮುಂದಿನ ಹತ್ತು ತಿಂಗಳು ಆ ಪ್ರಶ್ನೆಯ ಸುತ್ತಲೇ ಸುತ್ತಿದೆ.

ಧಾರಾವಾಹಿಯ ಹೆಸರು ಹೇಳುವುದಿಲ್ಲ, ವಾಹಿನಿಯ ಹೆಸರೂ ಬೇಡ. ಸೋಮವಾರದಿಂದ ಶುಕ್ರವಾರ, ರಾತ್ರಿ ಒಂಬತ್ತೂವರೆಗೆ ಬರುತ್ತಿತ್ತು ಅಂದರೆ ಸಾಕು. ಮೊದಲ ಸಭೆ ಗೂಗಲ್ ಮೀಟಿನಲ್ಲಿ. ಕಥೆಯವರು, ಚಿತ್ರಕಥೆಯವರು, ವಾಹಿನಿಯ ಕಡೆಯಿಂದ ಮೂವರು. ಅವರ ಕೈಯಲ್ಲಿ ಇದ್ದದ್ದು ಎರಡೇ ಸಾಲು: ಒಂದು ಮನೆತನದ ಗುಟ್ಟು, ತಾನು ಯಾರೆಂದು ಗೊತ್ತಿಲ್ಲದ ಒಬ್ಬ ಹುಡುಗಿ. ಉಳಿದದ್ದನ್ನೆಲ್ಲ ತುಂಬಬೇಕಿತ್ತು. "ನಿಮ್ಮ ಕಡೆ ಶಾಪ ಗೀಪ ಏನಾದ್ರೂ ಇದ್ಯಾ ಸರ್?" ಎಂದು ಒಬ್ಬರು ಕೇಳಿದರು.

ಮೈಸೂರಿನವನನ್ನು ಶಾಪ ಇದೆಯಾ ಎಂದು ಕೇಳುವುದೆಂದರೆ! ಅಲಮೇಲಮ್ಮನ ಕಥೆ ಹೇಳಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತೆಗೆದುಕೊಂಡಿದ್ದು, ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮನ ಒಡವೆಗೆ ಆಳು ಬಿಟ್ಟಿದ್ದು, ಅವಳು ಮಾಲಂಗಿ ಮಡುವಿಗೆ ಹಾರುವ ಮೊದಲು "ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ" ಎಂದಳೆಂಬ ಮಾತು, ಅರಮನೆಯಲ್ಲಿ ಇವತ್ತಿಗೂ ಅವಳ ವಿಗ್ರಹಕ್ಕೆ ಪೂಜೆ ನಡೆಯುವುದು. ಅರಮನೆಯಲ್ಲಿ ದತ್ತು ಸ್ವೀಕಾರ ಆದಾಗಲೆಲ್ಲ, 2015ರಲ್ಲಿ ಯದುವೀರರ ದತ್ತು ಆದಾಗಲೂ, ನಮ್ಮ ಕುವೆಂಪುನಗರದ ಹಾಲಿನ ಬೂತಿನ ಮುಂದೆ ಇದೇ ಮಾತು ಓಡಾಡಿತ್ತು. ಮನೆತನ, ಶಾಪ, ಯಾರು ಯಾರ ಮಗ ಎನ್ನುವುದು, ಎಲ್ಲ ಒಂದೇ ಕಥೆಯಲ್ಲಿ ಸಿದ್ಧವಾಗಿದೆ. ಅವರು ತಲೆದೂಗಿ ಕೇಳಿದರು. ಆಮೇಲೆ ವಾಹಿನಿಯವರು, "ಇದು ಎಲ್ಲರಿಗೂ ಗೊತ್ತು. ಮೇಲಾಗಿ ಅರಮನೆ ವಿಷಯ, ಲೀಗಲ್‌ನವರು ಒಪ್ಪಲ್ಲ" ಎಂದರು.

ಆಗ ನನ್ನ ಗೆಳೆಯ, "ನಿಮ್ಮನೇಲೇ ಏನೋ ಇತ್ತಲ್ಲೋ, ಸಣ್ಣೆಲೆ ಕತೆ" ಎಂದ. ಯಾವತ್ತೋ ನಾಟಕದ ತಾಲೀಮು ಮುಗಿದ ಮೇಲೆ, ರಾತ್ರಿ ಅವನಿಗೆ ಹೇಳಿದ್ದೆ. ಅವನು ಮರೆತಿರಲಿಲ್ಲ. ನಾನು ಸುಮ್ಮನಿದ್ದುಬಿಡಬಹುದಿತ್ತು. ಹೇಳಿದೆ.

ನಮ್ಮ ಕಡೆ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವುದು ಗೊತ್ತಿರುವವರಿಗೆ ವಿವರಿಸಬೇಕಾಗಿಲ್ಲ. ಭಾದ್ರಪದದ ಕೃಷ್ಣಪಕ್ಷ, ನಮ್ಮ ಮನೆಯಲ್ಲಿ ಕೊನೆಯ ದಿನ, ಮಹಾಲಯ ಅಮಾವಾಸ್ಯೆ. ಹೊಸ ಬಟ್ಟೆ ಇಟ್ಟು, ಕಳಶ ಇಟ್ಟು, ಸಾಲಾಗಿ ಎಲೆ ಹಾಸಿ, ಸತ್ತವರು ಬದುಕಿದ್ದಾಗ ಏನೇನು ಇಷ್ಟಪಡುತ್ತಿದ್ದರೋ ಅದೆಲ್ಲ. ಮಾಂಸದ ಸಾರು, ಮುದ್ದೆ, ವಡೆ, ಕಜ್ಜಾಯ. ತಾತನಿಗೆ ಬೀಡಿಕಟ್ಟು, ಒಂದು ಕ್ವಾರ್ಟರ್. ಧೂಪ ಹಾಕಿ ಎಲ್ಲರೂ ಅಡ್ಡಬಿದ್ದ ಮೇಲೆ ಬಾಗಿಲು ಮುಚ್ಚಿಕೊಂಡು ಮನೆಮಂದಿಯೆಲ್ಲ ಜಗುಲಿಗೆ ಬರುತ್ತೇವೆ. ಒಳಗೆ ಅವರು ಉಣ್ಣುವಷ್ಟು ಹೊತ್ತು ನಾವು ಹೊರಗೆ. ಮಕ್ಕಳು ಮಾತಾಡಬಾರದು. ಹತ್ತು ನಿಮಿಷವೋ ಕಾಲು ಗಂಟೆಯೋ, ಆಮೇಲೆ ದೊಡ್ಡವರೊಬ್ಬರು ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುತ್ತಾರೆ.

ಆ ಸಾಲಿನ ಕೊನೆಗೆ, ಗೋಡೆಯ ಮೂಲೆಗೆ, ನಮ್ಮಜ್ಜಿ ಒಂದು ಸಣ್ಣ ಎಲೆ ಹಾಕುತ್ತಿದ್ದಳು. ಅಂಗೈ ಅಗಲದ್ದು. ಅದರ ಮೇಲೆ ಒಂದು ಚಿಟಿಕೆ ಮುದ್ದೆ, ಒಂದು ಕಜ್ಜಾಯ, ಪಕ್ಕದಲ್ಲಿ ಮಡಿಸಿದ ಸಣ್ಣ ಲಂಗದ ಬಟ್ಟೆ. ಉಳಿದ ಎಲೆಗಳಿಗೆಲ್ಲ ಹೆಸರು ಹೇಳಿ ಕರೆಯುತ್ತಿದ್ದರು, ಇಂಥಪ್ಪ ಬಾ, ಇಂಥವ್ವ ಬಾ ಎಂದು. ಸಣ್ಣೆಲೆಗೆ ಯಾರೂ ಏನೂ ಅನ್ನುತ್ತಿರಲಿಲ್ಲ. "ಅದ್ಯಾರ್ದು?" ಅಂತ ಕೇಳಿದ ವರ್ಷ ನನಗೆ ತಲೆಗೆ ಮೊಟಕು ಬಿತ್ತು. ಅಜ್ಜಿ ಹೋದ ಮೇಲೆ ದೊಡ್ಡತ್ತೆ ಅದನ್ನು ಮುಂದುವರಿಸಿದಳು. ಗಂಡ ತೀರಿದ ಮೇಲೆ ತವರಿಗೆ ಬಂದು ನೆಲೆಸಿದವಳು ಅವಳು, ಎಂಬತ್ತು ದಾಟಿದ್ದಾಳೆ. ಅವಳೂ ಹೇಳಿದವಳಲ್ಲ. ದೊಡ್ಡವನಾದ ಮೇಲೆ ಅಲ್ಲಿ ಇಲ್ಲಿ ಕಿವಿಗೆ ಬಿದ್ದದ್ದು ಇಷ್ಟು: ಅಜ್ಜಿ ನಮ್ಮ ತಾತನಿಗೆ ಸೀರುಡಿಕೆಯಾಗಿ ಬಂದವಳು. ಅದಕ್ಕೂ ಮುಂಚೆ, ಕನ್ನಂಬಾಡಿ ಕಟ್ಟೆಗೆ ಮುಳುಗಿ ಮೇಲಕ್ಕೆ ಎದ್ದುಬಂದ ಒಂದು ಊರಲ್ಲಿ ಅವಳಿಗೆ ಒಂದು ಮನೆ ಇತ್ತು. ಅಲ್ಲಿ ಒಂದು ಹೆಣ್ಣುಕೂಸು ಇತ್ತು. ವಿಧವೆ ಮರುಮದುವೆಯಾದರೆ ಅವಳು ಬರಬಹುದು, ಕೂಸು ಆ ಮನೆಯದು.

ನಾನು ಹೇಳಿ ಮುಗಿಸಿದಾಗ ಪರದೆಯ ಮೇಲಿನ ಆರೂ ಮುಖಗಳು ಒಂದು ಗಳಿಗೆ ಅಲ್ಲಾಡಲಿಲ್ಲ. ನೆಟ್ ಹೋಯಿತೇನೋ ಅಂದುಕೊಂಡೆ. ಆಮೇಲೆ ವಾಹಿನಿಯ ಹುಡುಗಿ, "ಸರ್, ಇದೇ ನಮ್ಮ ಮೊದಲ ಎಪಿಸೋಡ್" ಎಂದಳು.

ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು. ಅತ್ತೆಯನ್ನು ಒಂದು ಮಾತು ಕೇಳಬೇಕು ಅನ್ನುವುದು ಹೊಳೆದದ್ದು ಮುಂಗಡ ಖಾತೆಗೆ ಬಿದ್ದ ಮೇಲೆ.

ಕಥೆ ಹೀಗೆ ಕಟ್ಟಿದೆವು. ಕಟ್ಟೆಯ ನೀರಿಗೆ ಮುಳುಗಿದ ಊರಲ್ಲಿ ಬಿಟ್ಟುಬಂದ ಮಗು. ತಲೆಮಾರುಗಳ ಮೇಲೆ ಒಂದು ಪಿತೃಪಕ್ಷದಲ್ಲಿ ಆ ಮನೆಯ ಸೊಸೆ ಸಣ್ಣೆಲೆ ಹಾಕುವುದನ್ನು ಮರೆಯುತ್ತಾಳೆ. ಆ ರಾತ್ರಿ ತೊಟ್ಟಿಯಲ್ಲಿ ಒಂದು ಹುಡುಗಿ ನಿಂತು "ನನ್ನೆಲೆ ಯಾವ್ದು?" ಎಂದು ಕೇಳುತ್ತದೆ. ಇನ್ನೊಂದು ಕಡೆ, ಮೈಸೂರಿನ ಅನಾಥಾಶ್ರಮದಲ್ಲಿ ಬೆಳೆದ ನಾಯಕಿ ಇದೇ ಮನೆಗೆ ಮದುವೆಯಾಗಿ ಬಂದವಳು, ನಿದ್ದೆಯಲ್ಲಿ ನೂರು ವರ್ಷದ ಹಿಂದಿನ ಮಂಡ್ಯದ ಮಾತು ಆಡತೊಡಗುತ್ತಾಳೆ. ಅವಳು ಯಾರು? ಸತ್ತ ಮಗುವೇ, ಆ ಮಗು ಸಾಯದೆ ಬದುಕಿ ಬೆಳೆಸಿದ ವಂಶದವಳೇ? "ನನ್ನೆಲೆ ಯಾವ್ದು" ನನ್ನ ಸಾಲು. ಇವತ್ತಿಗೂ ಅದರ ಮೇಲೆ ನನಗೆ ಮೋಹವಿದೆ.

ಮುಳುಗಿದ ಊರಿನ ಕಲ್ಪನೆಯನ್ನು ನಾವೇನೂ ಎಲ್ಲಿಂದಲೋ ತರಬೇಕಿರಲಿಲ್ಲ. 1911ರಲ್ಲಿ ಕೆಲಸ ಶುರುವಾಗಿ ಎರಡು ದಶಕ ನಡೆದ ಕಟ್ಟೆ ಅದು. ಸಿಮೆಂಟಿಲ್ಲದೆ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು. ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನ ದಶಕಗಟ್ಟಲೆ ನೀರೊಳಗಿತ್ತು. ಬರಗಾಲದಲ್ಲಿ ನೀರು ತಳ ಕಂಡಾಗ ಮೇಲೆದ್ದು ನಿಲ್ಲುತ್ತಿತ್ತು. ಈಗ ಅದರ ಕಲ್ಲುಗಳನ್ನು ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದ್ದಾರೆ, ಭಾನುವಾರ ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ನಮ್ಮಜ್ಜಿ, "ಕಟ್ಟೆ ಕಟ್ಟೋವಾಗ ನಾನೂವೆ ಗಾರೆ ಓತ್ತಿವ್ನಿ" ಅನ್ನುತ್ತಿದ್ದಳು. ತಾನು ಹೊತ್ತ ಗಾರೆಯೇ ತನ್ನ ಊರನ್ನು ಮುಳುಗಿಸಿತು ಎಂಬುದನ್ನು ಮಾತ್ರ ಅವಳು ಹೇಳಲಿಲ್ಲ.

ಮಗುವಿಗೆ ಹೆಸರಿಡುವ ಸಭೆ ನಾಲ್ಕು ನಿಮಿಷ ನಡೆಯಿತು. ನಾನು 'ನಿಂಗಿ' ಎಂದೆ. ಆ ಕಾಲ, ಆ ಊರು, ಆ ಜನ. ನಿಂಗಮ್ಮನೋ ಕೆಂಪಮ್ಮನೋ ಆಗಿರಬೇಕು. "ನಿಂಗಿ ಅಂದ್ರೆ ಪ್ರೋಮೋದಲ್ಲಿ ಕಾಮಿಡಿ ಆಗತ್ತೆ ಸರ್" ಎಂದರು. ಯಾರೋ 'ಮಾಯಾ' ಎಂದರು, ಇನ್ಯಾರೋ 'ಭೈರವಿ'. ಕೊನೆಗೆ ಮಾರ್ಕೆಟಿಂಗಿನ ಒಬ್ಬ ಹುಡುಗ, ಅಲ್ಲಿಯವರೆಗೆ ಕ್ಯಾಮೆರಾ ಆಫ್ ಮಾಡಿಕೊಂಡಿದ್ದವನು, "ನೀರು ಇದೆಯಲ್ಲ, ಕಾವೇರಿ ಅಂತ ಇಟ್ಬಿಡಿ, ಕನೆಕ್ಟ್ ಆಗತ್ತೆ" ಎಂದ. ಆಯಿತು. ಅವನು ಇನ್ನೊಂದು ಮೀಟಿಂಗಿಗೆ ಹೋದ.

ಬರೆಯುವ ಕ್ರಮದ ಬಗ್ಗೆ ಎರಡು ಮಾತು. ಅರ್ಧ ಗಂಟೆಯ ಸಂಚಿಕೆ ಅಂದರೆ ಜಾಹೀರಾತು ಕಳೆದು ಇಪ್ಪತ್ತೆರಡು ನಿಮಿಷ. ಕಥೆಯವರು ವಾರದ ಒನ್‌ಲೈನ್ ಕಳಿಸುತ್ತಾರೆ, ಚಿತ್ರಕಥೆಯವರು ಅದನ್ನು ದೃಶ್ಯಗಳಾಗಿ ಒಡೆಯುತ್ತಾರೆ, ನಾನು ಮಾತು ತುಂಬಿಸಬೇಕು. ವಾರಕ್ಕೆ ಐದು ಸಂಚಿಕೆ. ಪ್ರತಿ ವಿರಾಮಕ್ಕೆ ಮೊದಲು ಒಂದು ಕೊಕ್ಕೆ, ಸಂಚಿಕೆಯ ಕೊನೆಗೆ ಒಂದು ಫ್ರೀಜ್. ಶುಕ್ರವಾರದ ಕೊಕ್ಕೆ ಸೋಮವಾರದವರೆಗೆ ಎಳೆಯುವಂಥದ್ದಾಗಿರಬೇಕು. ಮೊದಮೊದಲು ಒಂದು ಸಂಚಿಕೆಗೆ ಎರಡು ದಿನ ತೆಗೆದುಕೊಂಡೆ. ಎರಡನೇ ತಿಂಗಳ ಹೊತ್ತಿಗೆ ಬೆಳಗ್ಗೆ ಕೂತರೆ ಮಧ್ಯಾಹ್ನ ಊಟಕ್ಕೆ ಮುಗಿಯುತ್ತಿತ್ತು. ಅದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ.

ಜಗಳ ಆದದ್ದು ಪದಗಳ ಮೇಲೆ. ಅವರ ಒನ್‌ಲೈನಿನಲ್ಲಿ ಎಲ್ಲ ಕಡೆ 'ಆತ್ಮ'. ಆತ್ಮ ಬರುತ್ತದೆ, ಆತ್ಮ ಹೋಗುತ್ತದೆ, ಆತ್ಮ ಸೇಡು ತೀರಿಸಿಕೊಳ್ಳುತ್ತದೆ. ನಮ್ಮೂರಲ್ಲಿ ಯಾರಿಗೂ ಆತ್ಮ ಮೆಟ್ಟಿಕೊಂಡದ್ದನ್ನು ನಾನು ಕಂಡಿಲ್ಲ. ಆತ್ಮ ಹರಿಕಥೆಯ ಪದ. ನಮಗೆ ಸೋಕುವುದು ಗಾಳಿ. "ಒಸಿ ಗಾಳಿ ಸೋಕದೆ ಕಣಪ್ಪ" ಅಂದರೆ ಆಳಿಗೆ ಜ್ವರ ಬಂದಿದೆ, ಮಾತು ಬದಲಾಗಿದೆ, ಹಳ್ಳದ ಕಡೆ ಹೊತ್ತಲ್ಲದ ಹೊತ್ತಿನಲ್ಲಿ ಹೋಗಿದ್ದ, ಇಷ್ಟೂ ಅರ್ಥ. ನಾನು ಎಲ್ಲ 'ಆತ್ಮ'ವನ್ನೂ 'ಗಾಳಿ' ಮಾಡಿ ಕಳಿಸಿದೆ. ಅರ್ಧ ವಾಪಸು ಬಂತು. ಹುಬ್ಬಳ್ಳಿಯವರಿಗೂ ಅರ್ಥವಾಗಬೇಕಲ್ಲ ಎಂಬುದು ಅವರ ವಾದ. ತಳ್ಳಿಹಾಕುವಂಥ ವಾದವೇನಲ್ಲ.

ಇನ್ನೊಂದು ಜಗಳ ನಾನು ಸೋತದ್ದಕ್ಕೆ ಇವತ್ತು ಬೇಸರವಿಲ್ಲ. ಆರನೇ ವಾರಕ್ಕೆ ಒಂದು ದೆವ್ವ ಬಿಡಿಸುವ ದೃಶ್ಯ ಬರೆದಿದ್ದೆ, ನಾನು ಹುಡುಗನಾಗಿದ್ದಾಗ ನೋಡಿದ ಹಾಗೆಯೇ. ಬೇವಿನ ಬರಲು, ಜುಟ್ಟು ಹಿಡಿದು ಎಳೆಯುವುದು, ಹೊಗೆ. ವಾಹಿನಿಯ ನಿಯಮಾವಳಿ ನೋಡುವ ವಿಭಾಗದಿಂದ ಕೆಂಪು ಗುರುತು ಬಂತು. ಕೇಬಲ್ ಟಿವಿ ನಿಯಮಗಳ ಕಾರ್ಯಕ್ರಮ ಸಂಹಿತೆ 1994ರಿಂದಲೂ ಮೂಢನಂಬಿಕೆಗೆ ಕುಮ್ಮಕ್ಕು ಕೊಡಬಾರದು ಅನ್ನುತ್ತದೆ. ಅದರ ಮೇಲೆ ನಮ್ಮ ರಾಜ್ಯದ 2017ರ ಕಾಯ್ದೆ, 2020ರಲ್ಲಿ ಜಾರಿಗೆ ಬಂದದ್ದು, ದೆವ್ವ ಬಿಡಿಸುತ್ತೇನೆಂದು ಹೊಡೆಯುವುದನ್ನು ಅಪರಾಧ ಮಾಡಿದೆ. ದೃಶ್ಯ ಹೋಯಿತು. ನಾನು ನೋಡಿದ ಆ ಹೆಂಗಸಿನ ಬೆನ್ನು ನೆನಪಾಗಿ, ಹೋದದ್ದೇ ಸರಿ ಅನ್ನಿಸಿತು. ಆ ಜಾಗಕ್ಕೆ ಯಾರೋ ಒಬ್ಬ ಮನೋವೈದ್ಯನನ್ನು ತಂದರು. ಅವನು ಮೂರು ಸಂಚಿಕೆ ಕನ್ನಡಕ ತೆಗೆದು ಹಾಕಿ ಮಾಡಿದ.

ಚಿತ್ರೀಕರಣ ಶ್ರೀರಂಗಪಟ್ಟಣದ ಹತ್ತಿರದ ಒಂದು ತೊಟ್ಟಿಮನೆಯಲ್ಲಿ. ಎಡೆಯ ದೃಶ್ಯದ ದಿನ ನಾನೂ ಹೋಗಿದ್ದೆ. ಮಧ್ಯಾಹ್ನ ಹನ್ನೆರಡಕ್ಕೆ ರಾತ್ರಿ ಮಾಡುತ್ತಿದ್ದರು. ತೊಟ್ಟಿಯ ಮೇಲೆ ಕರಿಬಟ್ಟೆ ಎಳೆದು, ಒಳಗೆ ಹೊಗೆ ಬಿಟ್ಟು. ನಾಲ್ಕು ಸಂಚಿಕೆಯ ಚೂರುಗಳನ್ನು ಒಂದೇ ದಿನ ತೆಗೆಯುವುದರಿಂದ ಯಾರಿಗೂ ಮಾತು ಬಾಯಿಪಾಠ ಮಾಡುವ ಪುರಸೊತ್ತಿಲ್ಲ. ಸಹಾಯಕನೊಬ್ಬ ಕ್ಯಾಮೆರಾ ಪಕ್ಕದಲ್ಲಿ ಕೂತು ಸಾಲು ಸಾಲೇ ಪ್ರಾಂಪ್ಟ್ ಮಾಡುತ್ತಾನೆ, ನಟರು ಅದನ್ನು ಹಿಡಿದು ಭಾವ ತುಂಬಿ ಹೇಳುತ್ತಾರೆ. ಚಪ್ಪಟೆ ಧ್ವನಿಯಲ್ಲಿ ಅವನು "ನನ್ನೆಲೆ ಯಾವ್ದು" ಅನ್ನುವುದು, ಹಿಂದೆಯೇ ಆ ಮಗು ಅದನ್ನೇ ಅನ್ನುವುದು. ನಿಜ ಹೇಳಬೇಕೆಂದರೆ ನನಗೆ ಮೈ ಜುಮ್ಮೆಂದದ್ದು ಅವನ ಧ್ವನಿಗೆ. ಯಾರದೋ ಮಾತನ್ನು ಇನ್ಯಾರೋ ಒಳಗಿಂದ ಹೇಳಿಕೊಡುವುದು, ಮೆಟ್ಟಿಕೊಳ್ಳುವುದು ಅಂದರೆ ಅದೇ ಅಲ್ಲವೇ?

ನಾನು ಬರೆದಿದ್ದ ದೃಶ್ಯದಲ್ಲಿ ಮುಚ್ಚಿದ ಬಾಗಿಲು, ಜಗುಲಿಯ ಮೇಲೆ ಉಸಿರು ಹಿಡಿದು ಕೂತ ಮನೆಮಂದಿ, ಒಳಗಿಂದ ಒಂದು ಸಣ್ಣ ಸದ್ದು, ಬಳೆಯದೋ ಎಲೆಯದೋ. ಅಷ್ಟೇ. ರೇಡಿಯೊಗೆ ಬರೆದ ಅಭ್ಯಾಸ ಅದು. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಬಾನುಲಿ ಶುರುಮಾಡಿದ ಊರು ಇದು. 'ಆಕಾಶವಾಣಿ' ಅನ್ನುವ ಹೆಸರೇ ಇಲ್ಲಿಯದು. ಕಾಣದ್ದನ್ನು ಕಿವಿಯಿಂದ ನಂಬಿಸುವುದು ಇಲ್ಲಿ ಬರೆಯುವವರಿಗೆ ಹಳೆಯ ಚಾಳಿ. ಮಕ್ಕಳಾಗಿದ್ದಾಗ ಜಗುಲಿಯ ಮೇಲೆ ನಾವು ಹೆದರುತ್ತಿದ್ದದ್ದು ಬಾಗಿಲಿಗೆ. ಅದರ ಹಿಂದೆ ಏನೂ ಕಾಣುತ್ತಿರಲಿಲ್ಲ ಅನ್ನುವುದಕ್ಕೆ. ಗೆಳೆಯನಿಗೆ ಇದೆಲ್ಲ ಅರ್ಥವಾಗುತ್ತದೆ. ಆದರೂ ಅವನು, "ವಾಹಿನಿಯವ್ರು ಲೆನ್ಸ್ ತರ್ಸಿದಾರೆ ಕಣೋ" ಎಂದ. ಬಾಗಿಲು ತೆರೆಯಿತು. ಒಳಗೆ ಬಿಳಿ ಕಣ್ಣಿನ ಮಗು ಕೂತಿತ್ತು. ವಿರಾಮದಲ್ಲಿ ಅದೇ ಮಗು ಲೆನ್ಸ್ ತೆಗೆಸಿಕೊಂಡು, ಎಡೆಗೆ ಇಟ್ಟಿದ್ದ ಕಜ್ಜಾಯ ತಿನ್ನುತ್ತಾ ಅವರಮ್ಮನ ಫೋನಿನಲ್ಲಿ ಆಟ ಆಡಿತು.

ಆ ಎಡೆಯಲ್ಲಿ ಮಾಂಸ ಇರಲಿಲ್ಲ. ಪಾಯಸ, ಕೋಸಂಬರಿ, ಅನ್ನ, ತೊವ್ವೆ. ಮಂಡ್ಯದ ಗೌಡರ ಮನೆ ಎಂದು ಹೆಸರು, ಕೋಸಂಬರಿ ತಿನ್ನುವ ಹಿರಿಯರು! ನಾನು ಬರೆದದ್ದನ್ನು ಯಾರು ಯಾವಾಗ ಬದಲಿಸಿದರೋ ತಿಳಿಯಲಿಲ್ಲ. ಕೇಳಿದರೆ, "ಹಬ್ಬದ ಸೀನು, ಫ್ಯಾಮಿಲಿ ಆಡಿಯನ್ಸು" ಎಂದರು. ನಮ್ಮವು ಯಾವ ಆಡಿಯನ್ಸೋ. ಟಿವಿಯ ಮನೆಗಳಲ್ಲಿ ಕೊಲೆ ಮಾಡುತ್ತಾರೆ, ವಿಷ ಹಾಕುತ್ತಾರೆ, ಮೊಟ್ಟೆ ಮಾತ್ರ ಒಡೆಯುವುದಿಲ್ಲ.

2022ರ ಮಾರ್ಚಿನಲ್ಲಿ ಪ್ರಸಾರ ಶುರುವಾಯಿತು. ಅತ್ತೆಗೆ ನಾನು ಹೇಳಿರಲಿಲ್ಲ. "ನನ್ ಸೀರಿಯಲ್ ಬತ್ತದೆ, ನೋಡು" ಎಂದಷ್ಟೇ ನನ್ನ ತಮ್ಮನ ಮಗಳ ಕೈಲಿ ಹೇಳಿಸಿದ್ದೆ. ಮೊದಲ ಸಂಚಿಕೆಯ ರಾತ್ರಿ ಹತ್ತು ಗಂಟೆಗೆ ಊರಿಂದ ಫೋನು. ಎದೆ ಧಸಕ್ಕೆಂದಿತು.

"ಏನ್ಲಾ, ಇರೀಕ್ರಿಗೆ ಪಾಯ್ಸ ಇಕ್ಕಿದ್ದೀರಲ್ಲ? ನಿಮ್ ತಾತ ಆಗಿದ್ರೆ ಎಲೆ ಎತ್ತಿ ಎಸ್ದು ಓಗೋನು."

"ನಾನ್ ಬರ್ದಿದ್ದು ಮಾಂಸಾನೇ ಅತ್ತೆ, ಅವ್ರು..."

"ಅವ್ರು ಯಾರು? ನಿನ್ ಎಸ್ರು ಬಂತಲ್ಲ ಕಡೇಲಿ."

ಫೋನ್ ಇಟ್ಟಳು. ಸಣ್ಣೆಲೆಯ ಮಾತೇ ಇಲ್ಲ. ಅಂದರೆ ಅವಳಿಗೆ ಗೊತ್ತಾಗಲಿಲ್ಲವೋ, ಗೊತ್ತಾಗಿ ಅದನ್ನು ಬಿಟ್ಟು ಪಾಯಸಕ್ಕೆ ಬೈದಳೋ? ಅವತ್ತು ನಿದ್ದೆ ಬರಲಿಲ್ಲ. ಎರಡನೇ ವಾರ ಮತ್ತೆ ಫೋನು. ಆ ವಾರದ ಸಂಚಿಕೆಯಲ್ಲಿ ಫ್ಲ್ಯಾಷ್‌ಬ್ಯಾಕ್: ನೀರು ಏರುತ್ತಿದೆ, ಎತ್ತಿನಗಾಡಿಗಳು ಊರು ಬಿಡುತ್ತಿವೆ, ಹತ್ತು ವರ್ಷದ ಹುಡುಗಿ ಅಮ್ಮನನ್ನು ಹುಡುಕುತ್ತ ಹಿಂದೆ ಉಳಿದು ಮುಳುಗುತ್ತದೆ.

"ಅತ್ತು ವರ್ಸ ಅಲ್ಲ ಅದುಕ್ಕೆ," ಎಂದಳು ಅತ್ತೆ, ಹಲೋ ಕೂಡ ಇಲ್ಲದೆ. "ನಾಕು. ನಾಕು ತುಂಬಿರ್ನಿಲ್ಲ."

ನಾನು ಉಸಿರು ಬಿಡಲಿಲ್ಲ. ಐವತ್ತು ವರ್ಷದಲ್ಲಿ ಈ ವಿಷಯ ಅವಳ ಬಾಯಿಂದ ಬಂದ ಮೊದಲ ಮಾತು.

"ನೀರ್ಗೆ ಬಿದ್ದೂ ಸತ್ತಿದ್ದಲ್ಲ. ಅಮ್ಮ ಎದ್ದಿತ್ತು." ಸಿಡುಬನ್ನು ನಮ್ಮ ಕಡೆ ಅಮ್ಮ ಅನ್ನುತ್ತಿದ್ದರು. "ನಮ್ಮವ್ವ ಇಲ್ಲಿಗೆ ಬಂದು ಒಂದ್ ವರ್ಸಕ್ಕೆ ಅಲ್ಲಿಂದ ಆಳು ಬಂದು ಏಳ್ದ. ಓಗಾಕೆ ಬಿಡ್ನಿಲ್ಲ, ಒಟ್ಟೇಲಿ ನಾನಿದ್ದೆ." ಸ್ವಲ್ಪ ಹೊತ್ತು ಬಿಟ್ಟು, "ಗೊತ್ತಿಲ್ದೆ ಇದ್ರೆ ಕೇಳ್ಬೇಕು. ಬಾಯ್ಗೆ ಬಂದಂಗೆ ಬರಿಯಾದಾ?" ಎಂದಳು.

ಕೇಳಿದ್ದಕ್ಕೆ ತಾನೆ ತಲೆಗೆ ಮೊಟಕು ಬಿದ್ದದ್ದು. ಆದರೆ ಆ ರಾತ್ರಿಯಿಂದ ನನಗೊಂದು ದಾರಿ ಸಿಕ್ಕಿತು, ಒಪ್ಪಿಕೊಳ್ಳುತ್ತೇನೆ, ಸ್ವಲ್ಪ ಕಳ್ಳದಾರಿ. ನೇರ ಕೇಳಿದರೆ ಅತ್ತೆ "ಸುಮ್ಕಿರ್ಲಾ" ಅನ್ನುತ್ತಿದ್ದಳು. ಧಾರಾವಾಹಿ ತಪ್ಪು ಹೇಳಿದರೆ ಮಾತ್ರ ತಡೆದುಕೊಳ್ಳಲಾರಳು. ಅಜ್ಜಿ ಅಳುತ್ತಾ ಮಗುವನ್ನು ಬಿಟ್ಟುಬಂದ ಹಾಗೆ ತೋರಿಸಿದೆವು, "ಅಳ್ನಿಲ್ವಂತೆ. ಗಾಡಿ ಅತ್ತೋವಾಗ ಕೂಸು ನಿದ್ದೆ ಮಾಡ್ತಿತ್ತಂತೆ" ಎಂದು ಫೋನು. ಮಗುವಿನ ಚಿಕ್ಕಪ್ಪನನ್ನು ಖಳನನ್ನಾಗಿ ಮಾಡಿದೆವು. "ಅಂವ ಒಳ್ಳೇನೇ ಕಣ್ಲಾ, ಅಂವ್ನೇ ಎಗ್ಲ ಮೇಲೆ ಕೂರಿಸ್ಕೊಂಡು ಒಂದ್ ದಪ ತೋರಿಸ್ಕೊಂಡ್ ಓಗಿದ್ನಂತೆ, ಸಂತೇಲಿ" ಎಂದಳು. ಸಂತೆಯಲ್ಲಿ! ನಮ್ಮ ಯಾವ ಕಥೆಗಾರನಿಗೂ ಹೊಳೆಯದ ದೃಶ್ಯ. ನಾನು ಅದನ್ನು ಬರೆಯಲಿಲ್ಲ. ಹೇಳಲೂ ಇಲ್ಲ, ಗೆಳೆಯನಿಗೆ ಕೂಡ. ಒಂದು ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಟ್ಟುಕೊಂಡೆ.

ಈ ಮಧ್ಯೆ ಧಾರಾವಾಹಿಯ ದೆವ್ವ ದೊಡ್ಡವಳಾಯಿತು. ಕಾರಣ ಕಥೆಯದಲ್ಲ, ಕಾನೂನಿನದು. ಬಾಲನಟರನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಡುವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ, ಜಿಲ್ಲಾಡಳಿತದ ಅನುಮತಿ ಬೇಕು. ಹನ್ನೆರಡು ಗಂಟೆಯ ಕಾಲ್‌ಶೀಟಿನಲ್ಲಿ ಐದು ಗಂಟೆಯ ದೆವ್ವ ಸಾಲುವುದಿಲ್ಲ. ಹಾಗಾಗಿ ಒಂದು ಹುಣ್ಣಿಮೆಯ ರಾತ್ರಿ ಮಗು ಬಾವಿಗೆ ಇಳಿದು ಇಪ್ಪತ್ತೆರಡರ ಯುವತಿಯಾಗಿ ಮೇಲೆ ಬಂತು, ಕೂದಲು ಬಿಟ್ಟುಕೊಂಡು. ಸತ್ತ ಮೇಲೆ ಬೆಳೆಯುವುದು ಹೇಗೆ ಎಂದು ಕೇಳಿದ್ದಕ್ಕೆ ಕಥೆಯವರು, "ಸರ್, ನಾಯಕಿನೇ ಡಬಲ್ ರೋಲ್. ಐಡೆಂಟಿಟಿ ಟ್ರ್ಯಾಕಿಗೆ ಸರಿಹೋಗತ್ತೆ" ಎಂದರು.

ಗುರುವಾರ ರೇಟಿಂಗ್ ಬರುವ ದಿನ. ಅದು ಹೇಗೆ ಬರುತ್ತದೆಂದು ಈ ಕೆಲಸಕ್ಕೆ ಬಂದ ಮೇಲೆಯೇ ನನಗೆ ತಿಳಿದದ್ದು. ಪ್ರಸಾರದ ಧ್ವನಿಯೊಳಗೆ ಕಿವಿಗೆ ಕೇಳಿಸದ ಒಂದು ಗುರುತು ಸೇರಿಸಿರುತ್ತಾರೆ. ಆಯ್ದ ಮನೆಗಳಲ್ಲಿಟ್ಟ ಮೀಟರ್ ಮಾತ್ರ ಅದನ್ನು ಕೇಳಿಸಿಕೊಳ್ಳುತ್ತದೆ. ಬಾರ್ಕ್ ಸಂಸ್ಥೆ ಅದರಿಂದ ಲೆಕ್ಕ ಹಾಕುತ್ತದೆ. ಯಾವ ಮನೆಗಳು ಎಂದು ನಮಗೆ ಗೊತ್ತಿಲ್ಲ, ಗೊತ್ತಿರಬಾರದು. ನಾವು ಬರೆದ ಎಲ್ಲ ದೆವ್ವಗಳಿಗಿಂತ ಅದು ನಿಜವಾದದ್ದು: ಕಾಣದ ಮನೆ, ಕೇಳದ ಸದ್ದು, ಗುರುವಾರ ಬೆಳಗ್ಗೆ ಎಲ್ಲರ ಮುಖದಲ್ಲಿ ಭಯ. ಅತ್ತೆಯ ಮನೆಯಲ್ಲಿ ಮೀಟರ್ ಇರಲಿಲ್ಲ. ಅವಳು ಒಂದು ಸಂಚಿಕೆಯನ್ನೂ ಬಿಡದೆ ನೋಡಿದ್ದು ಯಾವ ಲೆಕ್ಕಕ್ಕೂ ಸೇರಲಿಲ್ಲ.

ಜುಲೈ ಹೊತ್ತಿಗೆ ಅಂಕಿ ಇಳಿಯಿತು. ಆ ಸಲ ಮಳೆ ಜೋರು, ಕಟ್ಟೆ 124.80 ಅಡಿ ತುಂಬಿ, ಮುಖ್ಯಮಂತ್ರಿಗಳು ಬಾಗಿನ ಬಿಟ್ಟದ್ದನ್ನು ಎಲ್ಲ ವಾಹಿನಿಗಳೂ ತೋರಿಸಿದವು. ನಮ್ಮ ಧಾರಾವಾಹಿಯಲ್ಲಿ ಮಾತ್ರ ನೀರು ಬತ್ತುತ್ತಿತ್ತು. ನಾಗರಹಾವು ಬಂತು, ಮಾಟಗಾತಿ ಬಂದಳು, ಕೊನೆಗೆ ಒಂದು ಶುಕ್ರವಾರ ಎಲ್ಲರೂ ಎಲ್ಲರ ಮಕ್ಕಳೆಂದು ಸಾಬೀತಾಗಿ ಮುಗಿಯಿತು. ಕೊನೆಯ ಎರಡು ತಿಂಗಳ ಸಂಭಾಷಣೆ ಬರೆದವರು ಬೇರೆ. ನನ್ನನ್ನು ಬಿಡುವಂತೆ ಯಾರೂ ಹೇಳಲಿಲ್ಲ, ಒನ್‌ಲೈನ್ ಬರುವುದು ನಿಂತುಹೋಯಿತು, ಅಷ್ಟೇ. ಕೊನೆಯ ಕಂತಿನ ಹಣ ಇವತ್ತಿಗೂ ಬರಬೇಕಿದೆ. ಅದು ಈ ಕ್ಷೇತ್ರದ ಮಾಮೂಲು ಗಾಳಿ.

ಆ ವರ್ಷ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 25, ಭಾನುವಾರ. ಹಿಂದಿನ ದಿನ ದೇವರಾಜ ಮಾರುಕಟ್ಟೆಯಲ್ಲಿ ಎಲೆ, ಹೂವು ಕಟ್ಟಿಸಿಕೊಂಡು ಊರಿಗೆ ಹೋದೆ. ಅತ್ತೆಗೆ ಸೀರೆ, ತಾತನಿಗೆ ಪಂಚೆ, ಅಜ್ಜಿಗೆ ಇನ್ನೊಂದು ಸೀರೆ. ಲಂಗದ ಬಟ್ಟೆ ನಾನೇ ತಂದಿದ್ದೆ, ಮೊದಲ ಸಲ. ಅಂಗಡಿಯವನು "ಎಷ್ಟು ವರ್ಷದ ಮಗು ಸಾರ್?" ಎಂದಾಗ ಬಾಯಿಂದ ತಾನಾಗಿ "ನಾಲ್ಕು ತುಂಬಿಲ್ಲ" ಎಂದು ಬಂತು.

ಅತ್ತೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಏನೂ ಅನ್ನಲಿಲ್ಲ. ಸಂಜೆ ಎಲೆ ಹಾಸಿದೆವು. ಅವಳಿಗೆ ಈಗ ಬಗ್ಗಲು ಆಗುವುದಿಲ್ಲ, ಸ್ಟೂಲಿನ ಮೇಲೆ ಕೂತು ನನ್ನ ಕೈಲಿ ಇಡಿಸಿದಳು. ಸಾರು ಆ ಕಡೆ, ಮುದ್ದೆ ಈ ಕಡೆ, ಬೀಡಿಕಟ್ಟು ಬಿಚ್ಚಿ ಇಡು, ಕಟ್ಟಿಟ್ರೆ ಎಂಗೆ ಸೇದಾರು? ಎಲ್ಲ ಆಗಿ ಮೂಲೆಯ ಸಣ್ಣೆಲೆಗೂ ಬಡಿಸಿದೆ. ಧೂಪದ ಹೊಗೆ ತುಂಬಿಕೊಂಡಿತು. ನಿಯಮದಂತೆ ಅವಳು ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಾ ಬಂದಳು. ಅಪ್ಪ ಬಾ, ಅವ್ವ ಬಾ, ಅಣ್ಣ ಬಾ. ಸಾಲಿನ ಕೊನೆಗೆ ಬಂದಾಗ ನಾನು ಎಂದಿನಂತೆ ಎದ್ದು ಬಾಗಿಲ ಕಡೆ ತಿರುಗಿದ್ದೆ.

"ಕಾವೇರಮ್ಮ, ಬಾ ಮಗ" ಎಂದಳು.

ಜಗುಲಿಗೆ ಬಂದು ಕೂತೆವು. ಬಾಗಿಲು ಮುಚ್ಚಿತ್ತು. ಮಾತಾಡಬಾರದ ಹೊತ್ತಿನಲ್ಲಿ ಮೆಲ್ಲಗೆ, "ಅತ್ತೆ, ಅದೇನಾ ಎಸ್ರು? ನಿಜವಾಗ್ಲೂ?" ಎಂದು ಕೇಳಿದೆ. ಅವಳು ಬೀದಿಯ ಕಡೆಯೇ ನೋಡುತ್ತಿದ್ದಳು.

"ನಂಗೇನ್ ಗೊತ್ತು? ನಮ್ಮವ್ವ ಒಂದಿನಾನೂ ಬಾಯ್ ಬಿಡ್ನಿಲ್ಲ. ಎಸ್ರಿಲ್ದೆ ಕರದ್ರೆ ಅದ್ಕಾದ್ರೂ ಎಂಗೆ ಗೊತ್ತಾಗ್ಬೇಕು, ತನ್ನೇ ಕರೀತಾವ್ರೆ ಅಂತ. ನೀನು ಇಕ್ಕಿದ್ಯಲ್ಲ ಒಂದು. ಚೆಂದಾಗದೆ."

ನಾನು ಇಟ್ಟದ್ದಲ್ಲ ಎಂದು ಹೇಳಲು ಬಾಯಿ ತೆರೆದೆ. ಅತ್ತೆ ತುಟಿಯ ಮೇಲೆ ಬೆರಳಿಟ್ಟು, ಬಾಗಿಲ ಕಡೆ ಕಣ್ಣಿನಲ್ಲೇ ತೋರಿಸಿದಳು. ಇನ್ನೂ ಉಣ್ಣುತ್ತಿದ್ದಾರೆ.